ಹೆಸರಿನ ಚೀಟಿ

ಜೀವನ್ ಬಿಮಾ ನಗರದ ನಮ್ಮ ಬೀದಿಯ ಹೆಂಗಸರು ತಿಂಗಳ ಚೀಟಿ ನಡೆಸುತ್ತಾರಲ್ಲ, ಹಾಗೆಯೇ ನಮ್ಮ ವಿಭಾಗದ ಡಾಕ್ಟರುಗಳು ಹೆಸರಿನ ಚೀಟಿ ನಡೆಸುತ್ತಿದ್ದೆವು. ನಾನು ಬೆಂಗಳೂರಿನ ಪೂರ್ವದ ತುದಿಯಲ್ಲಿರುವ ಒಂದು ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುವವಳು. ಗಂಟಲು ಹರಿಯುವ ಹಾಗೆ ಪಾಠ ಹೇಳಿದರೂ ನಮಗೆ ಬಡ್ತಿ ಸಿಗುವುದಿಲ್ಲ. ಬಡ್ತಿಗೆ ಪೇಪರ್ ಬೇಕು. ಅಂದರೆ ಸಂಶೋಧನೆ ಮಾಡಿ ಬರೆದ ಲೇಖನ ಯಾವುದಾದರೂ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಗಬೇಕು, ಅದರಲ್ಲಿ ನಮ್ಮ ಹೆಸರು ಮೊದಲನೆಯದಾಗಿರಬೇಕು. ಒಂದು ಲೇಖನಕ್ಕೆ ಮೊದಲ ಹೆಸರು ಒಂದೇ ತಾನೆ? ಅದಕ್ಕೇ ಸರದಿ. ಕೆಲಸ ಯಾರೇ ಮಾಡಲಿ, ಈ ಸಲ ಮೊದಲ ಹೆಸರು ಇವರದ್ದು, ಮುಂದಿನ ಸಲ ಅವರದ್ದು. ಮಿಕ್ಕವರೆಲ್ಲ ಮದುವೆ ಪತ್ರಿಕೆಯ ಕೊನೆಯಲ್ಲಿ ಬರುವ ನೆಂಟರಿಷ್ಟರ ಹಾಗೆ ಸಾಲಾಗಿ ನಿಂತುಕೊಳ್ಳುವುದು.

ಸರದಿಯ ಹಂಗಿಲ್ಲದೆ ಪ್ರತಿ ಸಲವೂ ಚೀಟಿ ಎತ್ತುತ್ತಿದ್ದವರು ಒಬ್ಬರೇ, ನಮ್ಮ ಮುಖ್ಯಸ್ಥರು. ನಮ್ಮ ಕಸುಬಿನಲ್ಲಿ ಕೊನೆಯ ಹೆಸರು ಯಜಮಾನರದ್ದು. ಯಾರ ತಲೆಯಲ್ಲಿ ಹುಟ್ಟಿದ ವಿಚಾರವೇ ಆಗಲಿ, ಯಾರ ಕಾಲು ಸವೆದಿರಲಿ, ಕಟ್ಟಕಡೆಯ ಹೆಸರು ಅವರದು, ಪದವಿಗಳ ಸಮೇತ. ವಿಭಾಗದಲ್ಲಿ ಹಲ್ಲಿ ಲೊಚಗುಟ್ಟಿದರೂ ಅದಕ್ಕೆ ಅವರ ಮಾರ್ಗದರ್ಶನವಿರುತ್ತಿತ್ತು. ಕೆಟ್ಟವರಲ್ಲ, ಪಾಪ. ಯಾರ ಮನೆಯಲ್ಲಿ ಏನೇ ಕಷ್ಟ ಬಂದರೂ ರಜೆ ಕೊಡುತ್ತಿದ್ದರು, ಮದುವೆಗೆ ಕರೆದರೆ ಮುಂಚೆಯೇ ಬಂದು ಕೂರುತ್ತಿದ್ದರು. ಕೆಲಸ ಆಗಬೇಕಾದಾಗ ನನ್ನನ್ನು ‘ಏನಮ್ಮ’ ಅನ್ನುವರು, ಸಿಟ್ಟು ಬಂದಾಗ ‘ಮೇಡಂ’ ಅನ್ನುವರು. ನಾನು ಪ್ರೊಫೆಸರ್ ಆಗುವುದಕ್ಕೆ ಇನ್ನು ಒಂದೇ ಒಂದು ಪೇಪರ್‌ನಲ್ಲಿ ನನ್ನ ಹೆಸರು ಮೊದಲು ಬರಬೇಕಾಗಿತ್ತು, ಮತ್ತು ಆ ಸರದಿ ಕೊಡುವ ಕೈ ಅವರದಾಗಿತ್ತು. ಮುಂದೆ ನಡೆದಿದ್ದಕ್ಕೆಲ್ಲ ಇದೇ ಮೂಲ.

ಪೇಪರ್ ಅಚ್ಚಾದರೆ ಮುಗಿಯಿತು ಅಂದುಕೊಳ್ಳಬೇಡಿ. ಅದನ್ನು ಬೇರೆಯವರು ಓದಿ, ತಮ್ಮ ಪೇಪರ್‌ನಲ್ಲಿ ‘ಇಂಥವರು ಹೀಗೆ ಹೇಳಿದ್ದಾರೆ’ ಎಂದು ಬರೆಯಬೇಕು. ಅದಕ್ಕೆ ಸೈಟೇಶನ್ ಅನ್ನುತ್ತಾರೆ. ಎಷ್ಟು ಜನ ಹಾಗೆ ಹೆಸರು ಹೇಳಿದ್ದಾರೆ ಎಂದು ಕಂಪ್ಯೂಟರ್ ಲೆಕ್ಕ ಇಟ್ಟಿರುತ್ತದೆ. ನಾನು ಬೆಳಿಗ್ಗೆ ಎದ್ದು ಮುಖ ತೊಳೆದವಳೇ ಆ ಲೆಕ್ಕ ನೋಡುತ್ತಿದ್ದೆ. ಅದನ್ನು ಮೊದಲು ಗಮನಿಸಿದವರು ನಮ್ಮ ಅತ್ತೆ.

ಅತ್ತೆ ಅಂದರೆ ನನ್ನ ಗಂಡನ ತಾಯಿ, ಕೆ.ಆರ್. ಪುರದ ಪಕ್ಕದ ಹಳೆಯ ಹಳ್ಳಿಯವರು. ಅವರ ಕಾಲದಲ್ಲಿ ರಾಗಿ, ದ್ರಾಕ್ಷಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳು ಬೆಳೆದಿವೆ. ನಮ್ಮ ಜೊತೆಗಿದ್ದರೂ ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿ ಎಲ್ಲರಿಗೂ ಒಂದು ಸಲ ಬೈದು ಬಂದರೇ ಅವರಿಗೆ ಸಮಾಧಾನ.

“ಅದೇನಮ್ಮ, ದಿನಾ ಬೆಳಗೆದ್ದು ಕಂಪ್ಯೂಟರ್‌ನಾಗೆ ನಿನ್ನ ಹೆಸರು ನೀನೇ ಹುಡುಕ್ತೀಯ? ಕಳೆದೋಗೈತಾ?” ಅಂದರು.

“ಇಲ್ಲ ಅತ್ತೆ. ನನ್ನ ಹೆಸರು ಯಾರ್ಯಾರು ಹೇಳಿದ್ದಾರೆ ಅಂತ ನೋಡ್ತಿದೀನಿ. ಎಷ್ಟು ಜನ ಹೇಳಿದ್ರೆ ಅಷ್ಟು ಬೆಲೆ ನಮಗೆ.”

“ಬೈದು ಹೇಳಿದ್ರೆ?”

“ಅದೂ ಲೆಕ್ಕಕ್ಕೆ ಬರುತ್ತೆ.”

ಅತ್ತೆ ಸ್ವಲ್ಪ ಯೋಚಿಸಿದರು. “ಹಂಗಾದ್ರೆ ನಮ್ಮ ವಾರಗಿತ್ತಿಗಿಂತ ದೊಡ್ಡ ಡಾಕ್ಟರು ಈ ಸುತ್ತಲಾಗೆ ಯಾರೂ ಇಲ್ಲ ಬಿಡು. ಇಡೀ ಊರು ಅವಳ ಹೆಸರೇ ಹೇಳೋದು.”

ನನಗೆ ನಗು ತಡೆಯಲಾಗಲಿಲ್ಲ. ಆದರೆ ನಿಜ ಹೇಳಬೇಕೆಂದರೆ ಆ ವಾರಗಿತ್ತಿಯ ಸ್ಥಿತಿ ನನಗಿಂತ ಚೆನ್ನಾಗಿತ್ತು. ನನ್ನ ಪೇಪರುಗಳನ್ನು ಬೈಯುವುದಕ್ಕೂ ಯಾರೂ ಓದುತ್ತಿರಲಿಲ್ಲ. ಇದ್ದ ನಾಲ್ಕಾರು ಉಲ್ಲೇಖಗಳೆಲ್ಲ ನಮ್ಮ ವಿಭಾಗದವರವೇ. ಮದುವೆಯಲ್ಲಿ ಮುಯ್ಯಿ ಮಾಡುತ್ತೇವಲ್ಲ, ಅವರು ನಮಗೆಷ್ಟು ಮಾಡಿದ್ದರೋ ನೋಡಿಕೊಂಡು ಅಷ್ಟೇ ತಿರುಗಿಸುವುದು, ಇದೂ ಹಾಗೆಯೇ. ನೀವು ನಿಮ್ಮ ಪೇಪರ್‌ನಲ್ಲಿ ನನ್ನ ಹೆಸರು ಹೇಳಿ, ನಾನು ನನ್ನದರಲ್ಲಿ ನಿಮ್ಮ ಹೆಸರು ಹೇಳುತ್ತೇನೆ. ರಕ್ತಹೀನತೆಯ ಬಗ್ಗೆ ಬರೆದ ಲೇಖನದಲ್ಲಿ ಮೂಳೆಯ ಲೇಖನಕ್ಕೆ ಮುಯ್ಯಿ ತೀರಿಸಿದ್ದೂ ಉಂಟು.

ಹೀಗಿರುವಾಗ ಮುಖ್ಯಸ್ಥರಿಗೆ ಒಂದು ದೊಡ್ಡ ಯೋಜನೆ ಹೊಳೆಯಿತು. ಹಲಸೂರು, ಜೋಗುಪಾಳ್ಯ, ಶಿವಾಜಿನಗರ, ಬೆನ್ಸನ್ ಟೌನ್ ಈ ಕಡೆಯ ಜನರಿಗೆ ಬೆಳಗಿನ ಖಾಲಿ ಹೊಟ್ಟೆಯಲ್ಲಿ ರಕ್ತದ ಸಕ್ಕರೆ ಎಷ್ಟಿರುತ್ತದೆ ಎಂದು ಪರೀಕ್ಷೆ ಮಾಡಿ ಬರೆಯುವುದು. ಕ್ಯಾಂಪ್ ಹಾಕುವುದು, ಓಡಾಡುವುದು, ಲೆಕ್ಕ ಮಾಡುವುದು, ಬರೆಯುವುದು ನನ್ನ ಪಾಲಿಗೆ. ಹೊಳೆದದ್ದು ಅವರ ಪಾಲಿಗೆ.

ಹಲಸೂರಿನ ಕ್ಯಾಂಪಿನಿಂದ ಶುರು ಮಾಡಿದೆವು. ಬ್ಯಾನರ್ ಕಟ್ಟಿ, ರಿಬ್ಬನ್ ಕತ್ತರಿಸಿ, ಫೋಟೋ ತೆಗೆಯುವವನ ಮುಂದೆ ಮುಖ್ಯಸ್ಥರೇ ಅಂಗಿಯ ತೋಳು ಮಡಚಿ ಮೊದಲು ರಕ್ತ ಕೊಟ್ಟರು. ಅವರ ಹಿಂದೆ ಜನ ಸಾಲು ನಿಂತರು. ಬರುವ ಮುಂಚೆ ಏನೂ ತಿನ್ನಬಾರದು ಎಂದು ಹಿಂದಿನ ದಿನವೇ ಮನೆಮನೆಗೆ ಹೋಗಿ ಹೇಳಿದ್ದೆವು. ಎಲ್ಲರನ್ನೂ ಕೂರಿಸಿ ಮತ್ತೆ ಕೇಳಿದೆವು, ಏನಾದರೂ ತಿಂದಿದ್ದೀರಾ ಎಂದು. ಎಲ್ಲರೂ ದೇವರ ಮೇಲೆ ಆಣೆ ಇಟ್ಟವರ ಹಾಗೆ ಇಲ್ಲ ಅಂದರು.

ವಾರದ ಮೇಲೆ ರಿಪೋರ್ಟು ಬಂತು ನೋಡಿ. ಅದರ ಪ್ರಕಾರ ಹಲಸೂರಿನ ಅರ್ಧ ಜನಕ್ಕೆ ಸಕ್ಕರೆ ಕಾಯಿಲೆ. ಕೆರೆ ಸುತ್ತ ದಿನಾ ದಡದಡ ನಡೆಯುವ, ಕಡ್ಡಿಯಂತಿದ್ದ ಮುದುಕರಿಗೂ ಸಕ್ಕರೆ. ಮಶೀನು ಕೆಟ್ಟಿದೆ ಎಂದು ಲ್ಯಾಬಿನವರ ಮೇಲೆ ಹಾರಾಡಿದೆ. ಅವರು ಇನ್ನೊಂದು ಮಶೀನಿನಲ್ಲಿ ಹಾಕಿ ನೋಡಿದರು, ಅದೇ ಉತ್ತರ. ನನಗೆ ರೇಗಿತು. ಮತ್ತೆ ಹಲಸೂರಿಗೆ ಹೋಗಿ, ಕ್ಯಾಂಪು ನಡೆದ ಅದೇ ಜಾಗದಲ್ಲಿ, ಅದೇ ಬೆಳಗಿನ ಹೊತ್ತಿಗೆ ನಿಂತೆ.

ಆಗ ಧನುರ್ಮಾಸ. ಪಕ್ಕದ ದೇವಸ್ಥಾನದಲ್ಲಿ ಬೆಳಗಿನ ಪೂಜೆ ಮುಗಿದು, ದೊನ್ನೆಯಲ್ಲಿ ಬಿಸಿಬಿಸಿ ಸಿಹಿ ಪೊಂಗಲ್ ಹಂಚುತ್ತಿದ್ದರು. ಬೆಲ್ಲ, ತುಪ್ಪ, ದ್ರಾಕ್ಷಿ, ಗೋಡಂಬಿ. ನನ್ನ ಸಕ್ಕರೆ ಮುದುಕರೆಲ್ಲ ಅಲ್ಲಿ ಸಾಲಾಗಿ ನಿಂತು ದೊನ್ನೆ ಬಳಿಯುತ್ತಿದ್ದರು.

“ಯಜಮಾನ್ರೇ, ಅವತ್ತು ರಕ್ತ ಕೊಡೋ ದಿನಾನೂ ಇದನ್ನ ತಿಂದಿದ್ರಾ?” ಅಂತ ಒಬ್ಬರನ್ನು ಕೇಳಿದೆ.

“ತಗೊಂಡಿದ್ದೆ.”

“ಏನೂ ತಿಂದಿಲ್ಲ ಅಂದ್ರಲ್ಲ ಮತ್ತೆ?”

“ಅಯ್ಯೋ, ಪ್ರಸಾದಮ್ಮ ಅದು! ಪ್ರಸಾದ ಯಾರಾದ್ರೂ ತಿಂತಾರಾ? ತಗೋತಾರೆ.” ನನ್ನ ಅಜ್ಞಾನಕ್ಕೆ ಮರುಗಿ, “ನೀವೂ ಒಂದು ತಗೊಳ್ಳಿ, ಇಲ್ಲ ಅನ್ಬಾರದು,” ಅಂತ ನನ್ನ ಕೈಗೂ ಒಂದು ದೊನ್ನೆ ಕೊಟ್ಟರು. ತಗೊಂಡೆ. ಸೊಗಸಾಗಿತ್ತು.

ಒಂದು ಸಲ ಕಣ್ಣು ತೆರೆದ ಮೇಲೆ ಎಲ್ಲ ಕಡೆಯೂ ಅದೇ ಕಾಣಿಸಿತು. ಮುಂದಿನ ಕ್ಯಾಂಪುಗಳಲ್ಲಿ ‘ತಿಂದಿದ್ದೀರಾ’ ಎಂದು ಕೇಳುವುದನ್ನು ಬಿಟ್ಟು ‘ಎದ್ದಾಗಿನಿಂದ ಬಾಯಿಗೆ ಏನೇನು ಹೋಯಿತು’ ಎಂದು ಕೇಳತೊಡಗಿದೆ. ಜೋಗುಪಾಳ್ಯದಲ್ಲಿ ತಮಿಳು ಅಜ್ಜಿಯೊಬ್ಬಳು, “ಒಣ್ಣುಮೇ ಸಾಪ್ಪಿಡಲೇಮ್ಮಾ, ಕಾಪಿ ದಾನ್,” ಅಂದಳು. ಏನೂ ತಿಂದಿಲ್ಲವಂತೆ, ಕಾಫಿ ಅಷ್ಟೇ. ಶಿವಾಜಿನಗರದಲ್ಲಿ ಗಡ್ಡದ ಸಾಹೇಬರು, “ಖಾಯಾ ಕುಚ್ ನೈ ಅಮ್ಮಾ, ಚಾಯ್ ಪಿಯಾ ಬಸ್,” ಅಂದರು. ಆ ಚಾಯ್ ಒಳಗೆ ಒಂದು ಬನ್ನು ಅದ್ದಿದ್ದು ಆಮೇಲೆ ಹೊರಗೆ ಬಂತು. ಅದ್ದಿದ ಬನ್ನು ಚಾಯ್‌ನ ಲೆಕ್ಕಕ್ಕೆ ಸೇರುತ್ತದಂತೆ. ಬೆನ್ಸನ್ ಟೌನಿನ ದೊಡ್ಡಮ್ಮ ಒಬ್ಬರು ಇಂಗ್ಲಿಷಿನಲ್ಲಿ ನನ್ನ ಕೆನ್ನೆ ತಟ್ಟಿ, ತಿಂಡಿ ಮುಟ್ಟಿಲ್ಲ, ಟೀ ಜೊತೆ ಎರಡು ಬಿಸ್ಕತ್ತು ಮಾತ್ರ ಎಂದರು. ಜಾತಿ, ಧರ್ಮ, ಭಾಷೆ ಎಂದು ನಾವು ಹೊಡೆದಾಡುತ್ತೇವೆ. ಖಾಲಿ ಹೊಟ್ಟೆಯ ವಿಷಯದಲ್ಲಿ ಮಾತ್ರ ಇಡೀ ದಂಡು ಪ್ರದೇಶದ, ಅಂದರೆ ಕಂಟೋನ್ಮೆಂಟಿನ ಜನರದ್ದು ಒಂದೇ ಮಾತು.

ಇಷ್ಟಾದ ಮೇಲೆ ನನಗೆ ಒಂದು ಅನುಮಾನ ಬಂತು. ಹಲಸೂರಿನ ಪಟ್ಟಿಯಲ್ಲಿ ಮುಖ್ಯಸ್ಥರ ಸಕ್ಕರೆಯೂ ಜಾಸ್ತಿಯೇ ಇತ್ತು.

“ಸರ್, ಅವತ್ತು ರಕ್ತ ಕೊಡೋ ಮುಂಚೆ ಏನಾದ್ರೂ...” ಅಂತ ರಾಗ ಎಳೆದೆ.

“ಏನಮ್ಮ, ನಾನು ಡಾಕ್ಟರು! ನನಗೆ ಗೊತ್ತಿಲ್ವಾ?” ಅಂದರು. ಆಮೇಲೆ, “ಒಂದು ಬೈಟು ಕಾಫಿ. ಅದೂ ನಿಂತ್ಕೊಂಡು ಕುಡಿದಿದ್ದು,” ಅಂದರು.

ಒಂದು ಲೋಟವನ್ನು ಇಬ್ಬರು ಹಂಚಿಕೊಂಡ ಕಾಫಿ, ಅದನ್ನೂ ನಿಂತು ಕುಡಿದರೆ ಹೊಟ್ಟೆಗೆ ಹೋಗುವುದಿಲ್ಲ ಎಂದು ಅವರ ನಂಬಿಕೆ. ನಾನು ಹೊರಗೆ ಬಂದು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕೆ.

ಆ ನಗುವಿನಲ್ಲೇ ಒಂದು ಪುಟ್ಟ ಬರಹ ಬರೆದೆ. ವೈದ್ಯಕೀಯ ಪತ್ರಿಕೆಗಳಲ್ಲಿ ಸಂಪಾದಕರಿಗೆ ಬರೆಯುವ ಪತ್ರಗಳಿಗೆಂದು ಒಂದು ಜಾಗ ಇರುತ್ತದೆ. ಅಲ್ಲಿಗೆ ಒಂದೂವರೆ ಪುಟ. ಪೂರ್ವ ಬೆಂಗಳೂರಿನಲ್ಲಿ ಜನರು ಏನೇನನ್ನು ತಿಂದೂ ತಿಂದಿಲ್ಲ ಎಂದು ಪ್ರಾಮಾಣಿಕವಾಗಿ ಹೇಳುತ್ತಾರೆ ಎಂಬುದರ ಒಂದು ಪಟ್ಟಿ, ಆದ್ದರಿಂದ ವೈದ್ಯರು ಹೇಗೆ ಪ್ರಶ್ನೆ ಕೇಳಬೇಕು ಎಂಬ ನಾಲ್ಕು ಮಾತು. ಪಟ್ಟಿಯಲ್ಲಿ ಪೊಂಗಲ್ ಇತ್ತು, ಅದ್ದಿದ ಬನ್ನು ಇತ್ತು. ‘ಒಬ್ಬ ಹಿರಿಯ ವೈದ್ಯರು: ಅರ್ಧ ಲೋಟ ಕಾಫಿ, ನಿಂತು ಕುಡಿದದ್ದು’ ಎಂದೂ ಇತ್ತು. ಪದ್ಧತಿಯಂತೆ ಕೊನೆಯಲ್ಲಿ ಮುಖ್ಯಸ್ಥರ ಹೆಸರು ಹಾಕಿ ಅವರ ಮೇಜಿನ ಮೇಲಿಟ್ಟೆ.

ಅವರು ನಮ್ಮ ಯಾವ ಪೇಪರನ್ನೂ ಓದಿದವರಲ್ಲ. ಇದು ಒಂದೂವರೆ ಪುಟ ಇತ್ತು ನೋಡಿ, ಗ್ರಹಚಾರ, ಓದಿಬಿಟ್ಟರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಪಟ್ಟಿಯಲ್ಲಿ ಯಾರ ಹೆಸರೂ ಇರಲಿಲ್ಲ, ಅವರ ಮುಖ ಮಾತ್ರ ಕೆಂಪಾಯಿತು.

“ಇದೇನು ಮೇಡಂ, ಸೈನ್ಸಾ, ನಾಟಕಾನಾ? ಇಂಥದ್ದಕ್ಕೆಲ್ಲ ನನ್ನ ಹೆಸರು ಬೇಡ. ಇನ್ನೂರು ಪೇಪರ್ ಮಾಡಿರೋ ಮನುಷ್ಯ ನಾನು.” ಅಂದವರೇ ಕೆಂಪು ಪೆನ್ನಿನಲ್ಲಿ ತಮ್ಮ ಹೆಸರಿನ ಮೇಲೆ ಎರಡು ಗೆರೆ ಎಳೆದರು. ಅವರ ಹೆಸರಿಲ್ಲದ ಬರಹಕ್ಕೆ ಮಿಕ್ಕವರೂ ಹೆಸರು ಕೊಡಲು ಹೆದರಿದರು. ಹೀಗೆ ನನ್ನ ಜನ್ಮದಲ್ಲಿ ಮೊದಲ ಸಲ ಒಂದು ಬರಹ ನನ್ನ ಒಬ್ಬಳ ಹೆಸರಿನಲ್ಲಿ, ಹಣೆಗೆ ಕುಂಕುಮ ಇಟ್ಟ ಹಾಗೆ ಒಂದೇ ಹೆಸರಿನಲ್ಲಿ ಅಚ್ಚಾಯಿತು.

ಆಮೇಲೆ ಏನಾಯಿತೋ ನನಗೇ ಗೊತ್ತಿಲ್ಲ. ಒಂದು ಬೆಳಿಗ್ಗೆ ಯಾರೋ ದೂರದ ಊರಿನವರು ಅದನ್ನು ಉಲ್ಲೇಖಿಸಿದ್ದರು. ನಮ್ಮಲ್ಲಿ ಸೂಪನ್ನು ಯಾರೂ ಆಹಾರ ಎಂದು ಲೆಕ್ಕಕ್ಕೆ ಇಡುವುದಿಲ್ಲ, ಬೆಂಗಳೂರಿನ ಈ ವೈದ್ಯೆ ಹೇಳಿದ್ದು ನಿಜ ಎಂದು ಬರೆದಿದ್ದರು. ಇನ್ನೊಬ್ಬರು ಮಜ್ಜಿಗೆ ಅಂದರು. ಮತ್ತೊಬ್ಬರು ಖರ್ಜೂರ. ಎಲ್ಲರ ಊರಿನಲ್ಲೂ ತಿಂದೂ ತಿನ್ನದ ಒಂದು ವಸ್ತು ಇತ್ತು, ಹೇಳುವುದಕ್ಕೆ ಯಾರಾದರೂ ಶುರು ಮಾಡಲಿ ಎಂದು ಕಾಯುತ್ತಿದ್ದರೋ ಏನೋ. ಲೆಕ್ಕ ಏರುತ್ತಲೇ ಹೋಯಿತು. ನಾನು ಬೆಳಿಗ್ಗೆ ಕಂಪ್ಯೂಟರ್ ಮುಂದೆ ಕೂತು ಒಬ್ಬಳೇ ನಗುವುದನ್ನು ಕಂಡು ಅತ್ತೆ ನನ್ನ ಗಂಡನಿಗೆ, “ನೋಡೋ, ಇವಳಿಗೆ ದೃಷ್ಟಿ ತೆಗೀಬೇಕು,” ಅಂದರು.

ಅಷ್ಟರಲ್ಲಿ ನಾವು ಕ್ಯಾಂಪುಗಳನ್ನೆಲ್ಲ ಮತ್ತೊಮ್ಮೆ, ಈ ಸಲ ಸರಿಯಾದ ಪ್ರಶ್ನೆ ಕೇಳಿಕೊಂಡು ಮಾಡಿ ಮುಗಿಸಿದ್ದೆವು. ಅದನ್ನು ದೊಡ್ಡ ಪೇಪರಾಗಿ ಬರೆದು ಮುಗಿಸಿದ್ದೂ ನಾನೇ. ಚೀಟಿಯ ಸರದಿಯೂ ನನ್ನದೇ. ಅದು ಅಚ್ಚಾದರೆ ನಾನು ಪ್ರೊಫೆಸರ್.

ಆಗ ಕಾಲೇಜಿನವರಿಗೆ ಒಂದು ಹುಚ್ಚು ಹಿಡಿಯಿತು. ಪ್ರತಿ ವಿಭಾಗದಲ್ಲೂ ಅತಿ ಹೆಚ್ಚು ಉಲ್ಲೇಖ ಪಡೆದ ಬರಹ ಯಾವುದು ಎಂದು ಹುಡುಕಿ, ಬರೆದವರ ಫೋಟೋ ಸಮೇತ ಫ್ಲೆಕ್ಸ್ ಮಾಡಿಸಿ ಮುಂಬಾಗಿಲಲ್ಲಿ ತೂಗುಹಾಕಿದರು. ಹೃದಯದ ವಿಭಾಗದ ಫ್ಲೆಕ್ಸಿನಲ್ಲಿ ಮೂರು ಸಾಲು ತಲೆಗಳು, ಮಕ್ಕಳ ವಿಭಾಗದಲ್ಲಿ ಎರಡು ಸಾಲು. ನಮ್ಮ ವಿಭಾಗದ ಫ್ಲೆಕ್ಸಿನಲ್ಲಿ ನಾನೊಬ್ಬಳೇ, ಆಧಾರ್ ಕಾರ್ಡಿನ ಮುಖ ಹೊತ್ತುಕೊಂಡು. ಮುಖ್ಯಸ್ಥರು ಬೆಳಿಗ್ಗೆ ಕಾರಿನಿಂದ ಇಳಿದು ಅದರ ಮುಂದೆ ಬಹಳ ಹೊತ್ತು ನಿಂತಿದ್ದರಂತೆ. ಹನ್ನೊಂದಕ್ಕೆ ನನಗೆ ಕರೆ ಬಂತು.

“ಬಾಮ್ಮ, ಕೂತ್ಕೊ,” ಅಂದರು. ಸ್ವರ ಕೇಳಿಯೇ ನನಗೆ ಭಯವಾಯಿತು. “ಆ ಕಾಫಿ ಪತ್ರ ಇದೆಯಲ್ಲ, ಅದರಲ್ಲಿ ನನ್ನ ಹೆಸರು ಬಿಟ್ಟುಹೋಗಿದೆ.”

“ಬಿಟ್ಟುಹೋಗಿಲ್ಲ ಸರ್, ನೀವೇ...”

“ಬಿಟ್ಟುಹೋಗಿದೆ,” ಅಂದರು ಮತ್ತೆ, ಮೆತ್ತಗೆ. ಮೇಜಿನ ಮೇಲೆ ಒಂದು ಕರಡು ಇತ್ತು. ಕಣ್ತಪ್ಪಿನಿಂದ ಮುಖ್ಯಸ್ಥರ ಹೆಸರು ಬಿಟ್ಟುಹೋಗಿದೆ, ದಯವಿಟ್ಟು ಸೇರಿಸಿಕೊಳ್ಳಿ ಎಂದು ನಾನು ಪತ್ರಿಕೆಗೆ ಬರೆಯುವಂತೆ ಅವರೇ ಟೈಪು ಮಾಡಿಸಿದ್ದರು. “ನೀನು ಸೈನ್ ಮಾಡಿ ಕಳಿಸಿಬಿಡು. ದೊಡ್ಡ ಪೇಪರ್ ಇದೆಯಲ್ಲ, ಅದರಲ್ಲಿ ನಿನ್ನ ಹೆಸರೇ ಮೊದಲು. ನಿನ್ನ ಸರದೀನೇ ಅಲ್ವಾ? ಆದ್ರೆ ಸರದಿ ಅನ್ನೋದು ಹಿಂದೆಮುಂದೆ ಆಗುತ್ತೆ, ನಿಂಗೊತ್ತಲ್ಲ.”

ಕರಡನ್ನು ಬ್ಯಾಗಿಗೆ ಹಾಕಿಕೊಂಡು ಮನೆಗೆ ಬಂದೆ. ಅತ್ತೆ ನೆಲದ ಮೇಲೆ ಪೇಪರ್ ಹಾಸಿ ಅವರೆಕಾಳು ಹಿತುಕುತ್ತಿದ್ದರು. ಪಕ್ಕದಲ್ಲಿ ಕೂತು ನಾನೂ ಹಿತುಕುತ್ತಾ ನಡೆದದ್ದನ್ನೆಲ್ಲ ಹೇಳಿದೆ. ಅವರಿಗೆ ಪೇಪರು, ಸೈಟೇಶನ್ನು ಅರ್ಥವಾಗುವುದಿಲ್ಲ ಎಂದು ಅಂದುಕೊಂಡಿದ್ದೆ, ಎಲ್ಲ ಬಿಟ್ಟು ಅವರು ಕೇಳಿದ್ದು ಒಂದೇ.

“ಪಹಣೀನಾಗೆ ಹೆಸರು ಸೇರಿಸು ಅಂತಾವ್ನೆ, ಅಷ್ಟೇ ತಾನೆ?”

ಪಹಣಿ ಅಂದರೆ ಜಮೀನು ಯಾರದ್ದು ಎಂದು ಸರ್ಕಾರ ಬರೆದಿಡುವ ಕಾಗದ. ಹೌದು ಅತ್ತೆ, ಹಾಗೇ ಅಂದುಕೊಳ್ಳಿ ಎಂದೆ.

“ನಿಮ್ಮ ಮಾವನೂ ಹಿಂಗೇ ಮಾಡಿದ್ರು. ದ್ರಾಕ್ಷಿ ತೋಟದಾಗೆ ಒಂದು ದಿನ ಕಾಲಿಡದೋನು ನಿಮ್ಮ ಚಿಕ್ಕಮಾವ. ‘ಅಣ್ಣ, ಸುಮ್ನೆ ಹೆಸರಿಗೆ ಇರ್ಲಿ, ಊರಾಗೆ ಮರ್ಯಾದೆ’ ಅಂದ. ಇರ್ಲಿ ಅಂತ ಸೇರಿಸಿದ್ರು. ಸೇರಿಸೋಕೆ ಒಂದು ಸೈನು ಕಣಮ್ಮ. ತೆಗೆಸೋಕೆ ಕೋರ್ಟಿಗೆ ಅಲೆದೂ ಅಲೆದೂ ನಿಮ್ಮ ಮಾವನ ಚಪ್ಪಲಿ ಸವೆದವು, ಆಮೇಲೆ ಮಾವನೇ ಹೋದರು. ಅವನ ಹೆಸರು ಇವತ್ತಿಗೂ ಹಂಗೇ ಐತೆ.” ಒಂದು ಕಾಳು ಜೋರಾಗಿ ಹಿತುಕಿದರು, ಅದು ಹಾರಿ ಸೋಫಾ ಕೆಳಗೆ ಹೋಯಿತು. “ತನ್ನ ಹೆಸರು ತಾನೇ ಹೊಡೆದಾಕಿದಾಗ ಇಲ್ಲದ ಆಸೆ ಈಗೆಲ್ಲಿಂದ ಬಂತಂತೆ ಆ ಯಪ್ಪಂಗೆ?”

ಮರುದಿನ ನಾನು ಕರಡು ಹಿಡಿದುಕೊಂಡು ಹೋದೆ. ನಯವಾಗಿ ಮಾತಾಡಬೇಕು, ಜಗಳ ಆಡಬಾರದು ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡಿದ್ದೆ.

“ಸರ್, ಹೆಸರು ಸೇರಿಸಬೇಕು ಅಂದ್ರೆ ಪತ್ರಿಕೆಯವರು ಒಂದು ಫಾರಂ ಕೇಳ್ತಾರೆ. ಇವರು ಈ ಕೆಲಸದಲ್ಲಿ ಏನು ಮಾಡಿದ್ರು ಅಂತ ಬರೀಬೇಕು. ಏನು ಬರೀಲಿ?”

“ಗೈಡೆನ್ಸ್ ಅಂತ ಬರೀಮ್ಮ.”

“ಗೈಡೆನ್ಸ್ ಕೊಟ್ಟಿದ್ದು ಯಾವಾಗ ಅಂದ್ರೆ?”

“ಏನಾದ್ರೂ ಬರಿ. ಅದನ್ನೆಲ್ಲ ಯಾರು ಓದ್ತಾರೆ?”

ಅಷ್ಟು ಹೊತ್ತು ಚೆನ್ನಾಗಿಯೇ ಇದ್ದೆ. ನನ್ನ ನಾಲಿಗೆಗೆ ಒಂದು ಕೆಟ್ಟ ಚಾಳಿ ಇದೆ, ಬೇಡ ಬೇಡ ಅಂದದ್ದನ್ನೇ ಹೊರಗೆ ತಳ್ಳುತ್ತದೆ. “ನಿಂತ್ಕೊಂಡು ಕಾಫಿ ಕುಡಿದ್ರು ಅಂತ ಬರೀಲಾ ಸರ್? ಅದೊಂದೇ ನೀವು ಮಾಡಿದ್ದು,” ಅಂದುಬಿಟ್ಟೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನೀವಿನ್ನು ಹೋಗಬಹುದು, ಮೇಡಂ,” ಅಂದರು.

ಮಧ್ಯಾಹ್ನದ ಹೊತ್ತಿಗೆ ಆದೇಶವಾಯಿತು. ದೊಡ್ಡ ಪೇಪರಿಗೆ ಮೊದಲ ಹೆಸರು ಪಕ್ಕದ ಕೋಣೆಯಲ್ಲಿ ಕೂರುವ ನನ್ನ ಗೆಳತಿಯದು. ನನ್ನದು ಮೂರನೆಯದು. ಆ ದಿನ ಮನೆಗೆ ಬರುವಾಗ ಕೆ.ಆರ್. ಪುರದ ತೂಗುಸೇತುವೆಯ ಹತ್ತಿರ ಗಾಡಿಗಳು ಕದಲದೆ ನಿಂತಿದ್ದವು. ಕಾರಿನ ಗಾಜು ಏರಿಸಿಕೊಂಡು ಗೊಳೋ ಎಂದು ಅತ್ತುಬಿಟ್ಟೆ. ಪಕ್ಕದ ಆಟೋದವನು ಗಾಬರಿಯಾಗಿ ನೋಡಿದ. ನನಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ಇಷ್ಟು ವರ್ಷ ಆ ಚೀಟಿಗೆ ನಾನೂ ಕಂತು ಕಟ್ಟಿದ್ದೆ, ಬೇರೆಯವರ ಸರದಿಗೆಲ್ಲ ಬರೆದುಕೊಟ್ಟಿದ್ದೆ, ನನ್ನ ಸರದಿ ಬಂದಾಗ ಚೀಟಿಯೇ ಮುಳುಗಿತು.

ನನ್ನ ಗೆಳತಿ ವಿಜಯಪುರದ ಕಡೆಯವಳು. ಇಂದಿರಾನಗರದಲ್ಲಿ ಬಾಡಿಗೆ ಮನೆ ಮಾಡಿಕೊಂಡು, ಇಲ್ಲಿಯ ಸಾರಿಗೆ ಬೆಲ್ಲ ಹಾಕುತ್ತಾರೆಂದು ವರ್ಷವಿಡೀ ಗೊಣಗುವವಳು. ಅವಳ ಬಡ್ತಿಗೆ ಇನ್ನೂ ಎರಡು ವರ್ಷ ಇತ್ತು, ಅವಳು ಈ ಸರದಿ ಕೇಳಿರಲೂ ಇಲ್ಲ. ಪತ್ರಿಕೆಗೆ ಪೇಪರ್ ಕಳಿಸುವಾಗ ಹೆಸರುಗಳನ್ನು ಕ್ರಮವಾಗಿ ಬರೆದ ಒಂದು ಹಾಳೆಗೆ ಎಲ್ಲರೂ ಸಹಿ ಹಾಕಬೇಕು. ಎರಡು ದಿನ ಬಿಟ್ಟು ಅವಳು ಆ ಹಾಳೆ ಹಿಡಿದುಕೊಂಡು ನನ್ನ ಕೋಣೆಗೆ ಬಂದು ಬಾಗಿಲು ಹಾಕಿದಳು.

“ಸಹಿ ಮಾಡವಾ,” ಅಂದಳು.

ನೋಡುತ್ತೇನೆ, ಮೊದಲ ಹೆಸರು ನನ್ನದು. ಅವಳದು ಮೂರನೆಯದು. ಕೊನೆಯಲ್ಲಿ ಮುಖ್ಯಸ್ಥರ ಹೆಸರು, ಪದವಿಗಳು, ಅದರ ಎದುರು ಆಗಲೇ ಅವರ ಸಹಿ.

“ಏನೇ ಇದು? ಅವರು ನಿನ್ನ ಹೆಸರು ಹಾಕು ಅಂದಿದ್ರಲ್ಲ?”

“ಅಂದಿದ್ರು. ನಾ ಹಾಕಿಲ್ಲ. ಪೇಪರ್ ಪೂರಾ ಓದೀನಿ. ನಿನ್ನ ಕೆಲಸಕ್ಕ ನನ್ನ ಹೆಸರು ಯಾಕ? ನನಗೇನು ಹಸಿವಿ ಆಗೇತೇನು?”

“ಮತ್ತೆ ಅವರು ಸಹಿ ಹಾಕಿದ್ದಾರಲ್ಲ!”

“ಅವರು ಎಂದರ ಮ್ಯಾಲಿನ ಸಾಲು ನೋಡ್ಯಾರೇನು? ಕಡೀ ಸಾಲು ನೋಡಿದ್ರು, ತಮ್ಮ ಹೆಸರು ಅದನೋ ಇಲ್ಲೋ ಅಂತ. ಇತ್ತು. ಸಹಿ ಒತ್ತಿದ್ರು.” ಅವಳು ಸೀರೆಯ ನೆರಿಗೆ ಸರಿಮಾಡಿಕೊಂಡಳು. “ಲಗೂನ ಸಹಿ ಮಾಡು, ನನಗ ಕ್ಲಾಸ್ ಐತಿ.”

“ಗೊತ್ತಾದ್ರೆ ನಿನ್ನ ಸರದಿನೂ ಹೋಗುತ್ತೆ ಕಣೇ.”

“ಹೋಗ್ಲಿ ಬಿಡ. ಹೋದ್ರ ಇಬ್ರೂ ಕೂಡೇ ಅಳೂಣು.”

ಸಹಿ ಮಾಡಿದೆ. ಅವಳನ್ನು ತಬ್ಬಿಕೊಳ್ಳಲು ಹೋದರೆ, ಇಸ್ತ್ರಿ ಕೆಡುತ್ತದೆ ಎಂದು ಬೈದು ಹೊರಟುಹೋದಳು.

ಪೇಪರ್ ಅಚ್ಚಾಯಿತು. ಅದರ ಒಂದು ಪ್ರತಿ ಮುಖ್ಯಸ್ಥರ ಮೇಜಿಗೂ ಹೋಯಿತು, 201ನೆಯದಾಗಿ ಕಪಾಟಿಗೆ ಸೇರಿತು. ಕಾಲೇಜಿನ ಆಯ್ಕೆ ಸಮಿತಿ ಕೂತ ದಿನ ನಾನು ಕಾಫಿ ಪತ್ರದ ಉಲ್ಲೇಖಗಳನ್ನೆಲ್ಲ ಬಣ್ಣದಲ್ಲಿ ಅಚ್ಚು ಹಾಕಿಸಿ, ಹೆಮ್ಮೆಯಿಂದ ಮುಂದಿಟ್ಟೆ. ಸಮಿತಿಯವರು ಒಬ್ಬರು ಅದನ್ನು ನೋಡಿ ನಕ್ಕು, ಚೆನ್ನಾಗಿದೆ ಎಂದರು, ಆಮೇಲೆ ಪಕ್ಕಕ್ಕಿಟ್ಟರು. ನಿಯಮದ ಪ್ರಕಾರ ಸಂಪಾದಕರಿಗೆ ಬರೆದ ಪತ್ರಕ್ಕೆ ಅಂಕವಿಲ್ಲವಂತೆ. ಎಷ್ಟು ಜನ ಉಲ್ಲೇಖಿಸಿದರೂ ಇಲ್ಲವಂತೆ. ಯಾವುದರಲ್ಲಿ ಹೆಸರು ಬೇಕೆಂದು ಮುಖ್ಯಸ್ಥರು ಕರಡು ಟೈಪು ಮಾಡಿಸಿದ್ದರೋ, ಯಾವುದನ್ನು ಕೊಡೆನೆಂದು ಸರದಿ ಕಳೆದುಕೊಂಡು ನಾನು ಗಾಡಿಯಲ್ಲಿ ಕೂತು ಅತ್ತಿದ್ದೆನೋ, ಅದರ ಬೆಲೆ ಸೊನ್ನೆ. ನನ್ನನ್ನು ಪ್ರೊಫೆಸರ್ ಮಾಡಿದ್ದು ಆ ದೊಡ್ಡ ಪೇಪರು, ಅದರ ಮೊದಲ ಸಾಲು.

ಆದೇಶ ಕೈಗೆ ಬಂದ ದಿನ ಮೈಸೂರು ಪಾಕಿನ ಡಬ್ಬಿ ಹಿಡಿದುಕೊಂಡು ಮುಖ್ಯಸ್ಥರ ಕೋಣೆಗೆ ಹೋದೆ. ಅವರಿಗೆ ನಿವೃತ್ತಿ ಹತ್ತಿರ ಬಂದಿತ್ತು, ಗೋಡೆಯ ಮೇಲಿನ ಪ್ರಶಸ್ತಿಗಳನ್ನು ಇಳಿಸಿ ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದರು.

“ಅಂತೂ ಆದೆಯಲ್ಲಮ್ಮ, ಸಂತೋಷ,” ಅಂದರು. ಸ್ವರದಲ್ಲಿ ಸಂತೋಷ ಕಡಿಮೆ, ಆಶ್ಚರ್ಯ ಜಾಸ್ತಿ ಇತ್ತು. “ಯಾವ ಪೇಪರ್ ಮೇಲೆ ಕೊಟ್ರು?”

“ನಮ್ಮ ಸಕ್ಕರೆ ಪೇಪರ್, ಸರ್.”

“ಅದರಲ್ಲಿ ನಿಂದು ಮೂರನೇ ಹೆಸರಲ್ವಾ?”

ನಾನು ಡಬ್ಬಿಯ ಮುಚ್ಚಳ ತೆರೆದೆ. ಅವರು ಕಪಾಟಿನಿಂದ ಪ್ರತಿ ತೆಗೆದರು. ಕನ್ನಡಕ ಏರಿಸಿ ಮೊದಲ ಸಾಲು ನೋಡಿದರು. ಕುತ್ತಿಗೆಯಿಂದ ಕಿವಿಯವರೆಗೆ ಕೆಂಪಾಗಿದ್ದು ನನಗೆ ಕಾಣಿಸಿತು. ಈಗ ಸ್ಫೋಟ ಎಂದು ನಾನು ಕುರ್ಚಿಯ ಹಿಡಿ ಗಟ್ಟಿಯಾಗಿ ಹಿಡಿದುಕೊಂಡೆ. ಆದರೆ ಕೂಗಾಡುವುದಕ್ಕೆ ದಾರಿಯೇ ಇರಲಿಲ್ಲ. ಓದದೆ ಸಹಿ ಹಾಕಿದೆ ಎಂದು ಯಾರ ಹತ್ತಿರ ದೂರು ಕೊಡುತ್ತಾರೆ? ಅವರ ಬೆರಳು ನಿಧಾನವಾಗಿ ಕೆಳಗಿಳಿಯಿತು. ಕೊನೆಯ ಹೆಸರಿನ ಮೇಲೆ ನಿಂತಿತು. ಇತ್ತು, ಪದವಿಗಳ ಸಮೇತ. ಅವರ ಉಸಿರು ಸಡಿಲವಾಯಿತು. ಅದನ್ನು ನೋಡಿ ನನಗೆ ಗೆದ್ದ ಖುಷಿ ಆಗಬೇಕಿತ್ತು, ಅಯ್ಯೋ ಪಾಪ ಅನ್ನಿಸಿಬಿಟ್ಟಿತು. ಅವರು ಹಾಳೆ ತಿರುವಿದರು. ಎರಡನೇ ಪುಟ. ಮೂರನೆಯದು. ಕೂತುಕೊಂಡರು. ನಾನು ಡಬ್ಬಿಯನ್ನು ಅವರ ಕಡೆಗೆ ಸರಿಸಿದೆ, ಅವರು ನೋಡದೆಯೇ ಒಂದು ತುಂಡು ತೆಗೆದುಕೊಂಡರು. ಕೊನೆಯ ಪುಟದವರೆಗೂ ಓದಿದರು.

“ಚೆನ್ನಾಗಿ ಮಾಡಿದೀಯಮ್ಮ,” ಅಂದರು, ತಲೆ ಎತ್ತದೆ. “ಎಷ್ಟು ಜನ ಉಲ್ಲೇಖಿಸಿದ್ದಾರೆ ಇದನ್ನ?”

“ಇನ್ನೂ ಯಾರೂ ಇಲ್ಲ ಸರ್,” ಅಂದೆ. “ಓದಿದವರು ಮಾತ್ರ ಮೂರು ಜನ ಇದ್ದೀವಿ. ಈಗ ನಿಮ್ಮನ್ನೂ ಸೇರಿಸಿ.”